ಬಾವುಟದಿಂದ ಕಾಲುಸಂಕದವರೆಗೆ: ಪುಟ್ಟ ಮಕ್ಕಳಿಗೆ ಪೌರತ್ವ ಕಲಿಸಿದ ಅನುಭವ

ತೀರ್ಥಹಳ್ಳಿ ತಾಲ್ಲೂಕಿನ ಒಂದು ಸಣ್ಣ ಸರ್ಕಾರಿ ಶಾಲೆಯಲ್ಲಿ ನಾನು ನಲಿ-ಕಲಿ ಶಿಕ್ಷಕಿ. ಒಂದರಿಂದ ಮೂರನೇ ತರಗತಿ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ರಾಷ್ಟ್ರಪಕ್ಷಿ ಯಾವುದು, ರಾಷ್ಟ್ರಪ್ರಾಣಿ ಯಾವುದು ಅಂತ ಕೇಳಿದರೆ ಎಲ್ಲರೂ ಒಂದೇ ಉಸಿರಿಗೆ ಹೇಳುತ್ತಾರೆ. ಹಾಗೆ ಹೇಳಿದ ಮಗುವೇ ಶಾಲೆಯ ನಲ್ಲಿಯಲ್ಲಿ ನೀರು ಸುರಿಯುತ್ತಿದ್ದರೂ ದಾಟಿಕೊಂಡು ಹೋಗುತ್ತದೆ. ಅದರಲ್ಲಿ ಮಗುವಿನ ತಪ್ಪೇನಿದೆ? ನಮ್ಮ ಕಡೆ ಮನೆಗಳು ಒಂಟಿ ಒಂಟಿ. ತೋಟದ ನಡುವೆ ಒಂದು ಮನೆ, ಗುಡ್ಡದಾಚೆ ಇನ್ನೊಂದು. ಬೀದಿಯೂ ಇಲ್ಲ, ಬೀದಿದೀಪವೂ ಇಲ್ಲ. ನಮ್ಮನೆ ತೋಟ, ನಮ್ಮನೆ ಬಾವಿ, ನಮ್ಮನೆ ದನ, ಇಷ್ಟು ಮಗುವಿಗೆ ಗೊತ್ತು. ಎಲ್ಲರಿಗೂ ಸೇರಿದ ವಸ್ತುವನ್ನು ಅದು ಹತ್ತಿರದಿಂದ ನೋಡುವುದು ಶಾಲೆಗೆ ಬಂದ ಮೇಲೆಯೇ. ಅಂಥವುಗಳಲ್ಲಿ ಮೊದಲನೆಯದು ಬಾವುಟ.

ಅದಕ್ಕೇ ನಾನು ಬಾವುಟದಿಂದ ಶುರು ಮಾಡುತ್ತೇನೆ. ಅದನ್ನು ನೋಡಿಕೊಳ್ಳುವ ಕೆಲಸವನ್ನೇ ಮಕ್ಕಳಿಗೆ ಕೊಡುತ್ತೇನೆ.

ಮೊದಲು ಬಿಡಿಸುವುದು. ಲೆಕ್ಕದ ಚೌಕುಳಿ ಹಾಳೆಯಲ್ಲಿ ಅಡ್ಡಕ್ಕೆ ಒಂಬತ್ತು ಮನೆ, ಕೆಳಕ್ಕೆ ಆರು ಮನೆ. ಒಂದೊಂದು ಬಣ್ಣಕ್ಕೆ ಎರಡೆರಡು ಸಾಲು. 3:2 ಅನ್ನುವ ಅಳತೆ ತಾನಾಗಿ ಬರುತ್ತದೆ. ಚಕ್ರದ 24 ಅರಗಳನ್ನು ಪುಟ್ಟ ಕೈಗಳು ಬರೆಯಲಾರವು. ಹಾಗಾಗಿ ತೆಂಗಿನ ಗರಿಯ 12 ಕಡ್ಡಿಗಳನ್ನು ನಡುವೆ ಒಂದೇ ಕಡೆ ದಾಟುವಂತೆ ಇಡುತ್ತೇವೆ. ಮೇಲೆ ಜೇಡಿಮಣ್ಣಿನ ಉಂಡೆ ಒತ್ತುತ್ತೇವೆ. ಆಮೇಲೆ ತುದಿ ಎಣಿಸಿ ಅಂದರೆ 24 ಆಗಿರುತ್ತದೆ. "ಹನ್ನೆರಡೇ ಕಡ್ಡಿ ಇಟ್ಟಿದ್ದಲ್ವಾ ಟೀಚರ್?" ಅಂತ ಮತ್ತೆ ಮತ್ತೆ ಎಣಿಸುತ್ತಾರೆ. ಸಂವಿಧಾನ ಸಭೆ ಈ ಬಾವುಟವನ್ನು ಒಪ್ಪಿದ್ದು 1947ರ ಜುಲೈ 22ರಂದು ಅನ್ನುವುದನ್ನು ಮೂರನೆಯವರಿಗೆ ಮಾತ್ರ ಹೇಳುತ್ತೇನೆ. ಒಂದನೆಯವರಿಗೆ ಇಸವಿ ಬೇಡ.

ನಿಜವಾದ ಪಾಠ ಆಗಸ್ಟ್ ತಿಂಗಳಿನದು. ಮಲೆನಾಡಿನಲ್ಲಿ ಆಗಸ್ಟ್ 15 ಅಂದರೆ ಜಡಿಮಳೆ. ಮಳೆ ಬಂದರೂ ಧ್ವಜ ಹಾರಬೇಕು. ಧ್ವಜಸಂಹಿತೆಯಲ್ಲೂ ಹವಾಮಾನ ಹೇಗೇ ಇರಲಿ ಅಂತಲೇ ಇದೆ. 2022ರ ತಿದ್ದುಪಡಿಯಿಂದ ರಾತ್ರಿಯೂ ಹಾರಿಸಲು ಅವಕಾಶ ಬಂತು. ಆದರೂ ನಾವು ಸಂಜೆಗೇ ಇಳಿಸುತ್ತೇವೆ. ಇಳಿಸಿದಾಗ ಬಾವುಟ ನೆನೆದು ತೊಟ್ಟಿಕ್ಕುತ್ತಿರುತ್ತದೆ. ಹಾಗೇ ಮಡಚಿಟ್ಟರೆ ನಮ್ಮ ಥಂಡಿಗೆ ವಾರದೊಳಗೆ ಬೂಷ್ಟು ಹಿಡಿಯುವುದು ಖಂಡಿತ. ಒಣಗಿಸುವ ಜವಾಬ್ದಾರಿ ಮಕ್ಕಳದು. ಮೇಜು ಒರೆಸುತ್ತಾರೆ, ಬಾವುಟ ಹರಡುತ್ತಾರೆ, ನೆಲಕ್ಕೆ ತಾಗದಂತೆ ತುದಿ ಹಿಡಿಯುತ್ತಾರೆ. ಒಣಗಿದ ಮೇಲೆ ಇಬ್ಬಿಬ್ಬರು ಎದುರು ಬದುರು ನಿಂತು ಮಡಚುತ್ತಾರೆ. ಕೇಸರಿ, ಹಸಿರು ಪಟ್ಟಿಗಳು ಬಿಳಿಯ ಕೆಳಗೆ ಹೋಗಬೇಕು. ಆಮೇಲೆ ಎರಡೂ ಕಡೆಯಿಂದ ನಡುವಿಗೆ ಮಡಚಬೇಕು. ಕೊನೆಗೆ ಚಕ್ರ ಮೇಲೆ ಕಾಣಬೇಕು. ಅಂಗೈ ಮೇಲೆ ಇಟ್ಟುಕೊಂಡು ಹೋಗಿ ಬೀರುವಿನಲ್ಲಿ ಇಡುತ್ತಾರೆ. ಆ ಹೊತ್ತಿನಲ್ಲಿ ಗಲಾಟೆ ಮಾಡುವ ಮಗುವನ್ನು ನಾನು ನೋಡಿಲ್ಲ.

ಮರುದಿನ ಇನ್ನೊಂದು ಕೆಲಸ. ಬಸ್ ನಿಲ್ಲುವ ಕಡೆ, ಅಂಗಡಿ ಎದುರು, ಕೆಸರಿನಲ್ಲಿ ಬಿದ್ದ ಕಾಗದದ ಬಾವುಟಗಳನ್ನು ಹೆಕ್ಕಿ ತರುವುದು. ಕಾಗದದ ಬಾವುಟವನ್ನು ನೆಲಕ್ಕೆ ಎಸೆಯಬಾರದು, ಮರ್ಯಾದೆಯಿಂದ ವಿಲೇವಾರಿ ಮಾಡಬೇಕು ಅಂತ ನಿಯಮವಿದೆ. ಹೆಕ್ಕಿ ತಂದ ಮಕ್ಕಳು ಬಿಸ್ಕತ್ತಿನ ಕವರನ್ನೂ ಹೆಕ್ಕುವುದಕ್ಕೆ ಶುರು ಮಾಡಿದರು. ನಾನು ಹೇಳಿಕೊಟ್ಟಿದ್ದಲ್ಲ.

ಆಗಸ್ಟ್‌ನಲ್ಲಿ ಈಸೂರಿನ ಕಥೆ ಹೇಳದೆ ಇರುವುದಿಲ್ಲ. ನಮ್ಮದೇ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಊರು. 1942ರಲ್ಲಿ ಅಲ್ಲಿಯವರು ತಮ್ಮ ಊರು ಸ್ವತಂತ್ರ ಅಂತ ಸಾರಿ ವೀರಭದ್ರನ ಗುಡಿಯ ಮೇಲೆ ಬಾವುಟ ಹಾರಿಸಿದರು. ಊರಿಗೆ ಅಮಲ್ದಾರ, ಸಬ್‌ಇನ್ಸ್‌ಪೆಕ್ಟರ್ ಅಂತ ಆರಿಸಿದ್ದು ಇಬ್ಬರು ಹುಡುಗರನ್ನು! ಇಲ್ಲಿಗೆ ಬಂದಾಗ ಮಕ್ಕಳ ಬೆನ್ನು ನೆಟ್ಟಗಾಗುತ್ತದೆ. 1943ರ ಮಾರ್ಚ್‌ನಲ್ಲಿ ಆ ಊರಿನ ಐವರನ್ನು ಗಲ್ಲಿಗೇರಿಸಿದ್ದನ್ನು ಅವರು ನಾಲ್ಕು, ಐದಕ್ಕೆ ಹೋದ ಮೇಲೆ ಹೇಳುತ್ತೇನೆ. ಆರು ವರ್ಷದ ಮಗುವಿಗೆ ಆ ಭಾರ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಲಾಂಛನಕ್ಕೆ ನಾಣ್ಯವೇ ಸಾಕು. ಹತ್ತು ರೂಪಾಯಿ ಬಿಲ್ಲೆಯಲ್ಲಿ ಎಷ್ಟು ಸಿಂಹ ಕಾಣುತ್ತದೆ? ಮೂರು. ನಾಲ್ಕನೆಯದು ಎಲ್ಲಿ? ನಾಲ್ವರು ಮಕ್ಕಳನ್ನು ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿಸಿ, ಉಳಿದವರು ಸುತ್ತ ನಡೆದು ನೋಡಿದರೆ ಗೊತ್ತಾಗುತ್ತದೆ. ರಾಜ್ಯದ ಗಂಡಭೇರುಂಡವನ್ನು ಕೆಂಪು ಬಸ್ಸಿನ ಮೇಲೆ ಹುಡುಕಲು ಹೇಳುತ್ತೇನೆ. ಕೆಳದಿಯ ರಾಮೇಶ್ವರ ದೇವಸ್ಥಾನಕ್ಕೆ ಪ್ರವಾಸ ಹೋದಾಗ ಛಾವಣಿಯಲ್ಲಿ ಕೆತ್ತಿದ ಗಂಡಭೇರುಂಡ ಕಂಡು "ಬಸ್ಸಿಂದು! ಬಸ್ಸಿಂದು!" ಅಂತ ಕೂಗಿದರು. ರಾಷ್ಟ್ರಗೀತೆ 52 ಸೆಕೆಂಡು. ಅಷ್ಟು ಹೊತ್ತು ಅಲ್ಲಾಡದೆ ನಿಲ್ಲುವುದು ಚಿಕ್ಕವರಿಗೆ ಸುಲಭವಲ್ಲ. ಸುಮ್ನೆ ಗದರುವ ಬದಲು ಬೇರೆ ಹೊತ್ತಿನಲ್ಲಿ ಹತ್ತು, ಇಪ್ಪತ್ತು, ಮೂವತ್ತು ಅಂತ ಎಣಿಸುತ್ತಾ ನಿಲ್ಲುವ ಅಭ್ಯಾಸ ಮಾಡಿಸಿದರೆ ಸಾಕು.

ನವಿಲಿನ ವಿಷಯ ಇಷ್ಟು ಸರಳವಾಗಿರಲಿಲ್ಲ. 1963ರಿಂದ ನವಿಲು ನಮ್ಮ ರಾಷ್ಟ್ರಪಕ್ಷಿ ಅಂತ ಹೇಳುತ್ತಿದ್ದೆ. ಎರಡನೇ ತರಗತಿಯ ಹುಡುಗನೊಬ್ಬ ಎದ್ದು ನಿಂತ. "ಟೀಚರ್, ನಮ್ಮಪ್ಪ ದಿನಾ ಬೆಳಿಗ್ಗೆ ನವಿಲು ಓಡಿಸ್ತಾರೆ. ಗದ್ದೇಲಿ ಬೀಜ ಎಲ್ಲಾ ತಿಂತದೆ. ಅದು ತಪ್ಪಾ?" ಅಂದ. ಅಪ್ಪ ತಪ್ಪು ಮಾಡುತ್ತಾರೆ ಅಂತ ಆ ಮಗು ಮನೆಗೆ ಹೋಗಬಾರದು. ನವಿಲಿಗೆ ಏನಾದರೂ ಪರವಾಗಿಲ್ಲ ಅಂತಲೂ ಹೋಗಬಾರದು. ಕೂಗಿ ಓಡಿಸುವುದು ತಪ್ಪಲ್ಲ, ಉರುಳು ಹಾಕುವುದು, ವಿಷ ಇಡುವುದು ತಪ್ಪು ಅಂದೆ. 1972ರ ವನ್ಯಜೀವಿ ಕಾಯ್ದೆ ನವಿಲಿಗೆ ರಕ್ಷಣೆ ಕೊಟ್ಟಿದೆ ಅಂತ ಹೇಳಿದೆ. ಮತ್ತೆ ಮಕ್ಕಳನ್ನೇ ಕೇಳಿದೆ, ಹೊಡೆಯದೆ ಓಡಿಸುವುದು ಹೇಗೆ? ಡಬ್ಬ ಬಡಿಯುವುದು, ಹಳೇ ಸೀರೆ ಕಟ್ಟುವುದು, ಬೆರ್ಚಪ್ಪ ನಿಲ್ಲಿಸುವುದು ಅಂತ ಬೋರ್ಡು ತುಂಬಿತು. ಆ ವಾರ ಬೆರ್ಚಪ್ಪ ಮಾಡುವುದೇ ನಮ್ಮ ಕರಕುಶಲ ಪಾಠ. ಎರಡು ಮಾಡಿ ಆ ಹುಡುಗನ ಗದ್ದೆಗೇ ಕೊಟ್ಟೆವು. ಒಬ್ಬ ರೈತನಿಗೂ ಒಂದು ಹಕ್ಕಿಗೂ ಒಟ್ಟಿಗೆ ಉಪಕಾರ ಆಗುವ ಕೆಲಸ ಅದು. ಪೌರತ್ವ ಅಂತ ನಾನು ಕಲಿಸಬೇಕೆಂದಿರುವುದು ಇದನ್ನೇ.

ರಾಷ್ಟ್ರದ ಗುರುತುಗಳಿಗೆ ಗೌರವ, ಎಲ್ಲರಿಗೂ ಉಪಕಾರ ಆಗುವ ಕೆಲಸ, ಸಂವಿಧಾನದಲ್ಲೂ ಇವೆರಡನ್ನು ಬೇರೆ ಮಾಡಿಲ್ಲ. ಮೂಲಭೂತ ಕರ್ತವ್ಯಗಳನ್ನು ಹೇಳುವ 51ಎ ವಿಧಿ 1976ರಲ್ಲಿ ಸೇರಿತು. ಈಗ ಅದರಲ್ಲಿ 11 ಕರ್ತವ್ಯಗಳಿವೆ. ಧ್ವಜ, ರಾಷ್ಟ್ರಗೀತೆಗೆ ಗೌರವ ಕೊಡಬೇಕು ಅನ್ನುವ ಪಟ್ಟಿಯಲ್ಲೇ ಕಾಡು, ಕೆರೆ, ನದಿ, ವನ್ಯಜೀವಿ ಕಾಪಾಡಬೇಕು, ಸಾರ್ವಜನಿಕ ಆಸ್ತಿ ಉಳಿಸಬೇಕು ಅಂತಲೂ ಇದೆ.

ಸೇವೆಯ ಹೆಸರಲ್ಲಿ ಪೊರಕೆ ಕೊಟ್ಟು ಫೋಟೋ ತೆಗೆಸುವುದು ನನಗೆ ಒಪ್ಪಿಗೆಯಿಲ್ಲ. ಯಾರಿಗೋ ನಿಜವಾಗಿ ಬೇಕಾದ ಕೆಲಸವನ್ನೇ ಹುಡುಕಬೇಕು. ಶಿಕ್ಷೆಯಾಗಿ ಕೆಲಸ ಕೊಡಲೇಬಾರದು. ಶೌಚಾಲಯ ತೊಳೆಯುವ ಕೆಲಸ ನಾನು ಮಕ್ಕಳಿಗೆ ಕೊಡುವುದಿಲ್ಲ. "ನಮ್ಮ ಮಕ್ಕಳ ಕೈಲಿ ಕೆಲಸ ಮಾಡಿಸ್ತೀರಾ?" ಅಂತ ಕೇಳಿದ ಅಮ್ಮಂದಿರಿಗೆ ಇದನ್ನೆಲ್ಲ ಮೊದಲೇ ಹೇಳಿದ್ದೇನೆ. ಕೇಳುವುದು ಅವರ ಹಕ್ಕು.

ನಮಗೆ ಸಿಕ್ಕ ಕೆಲಸ ಕಾಲುಸಂಕ. ಶಾಲೆಯ ದಾರಿಯ ಹಳ್ಳಕ್ಕೆ ಅಡಿಕೆ ದಬ್ಬೆ ಜೋಡಿಸಿ ಕಟ್ಟಿದ ಸಂಕ ಇದೆ. ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಸುತ್ತಲಿನ ಮನೆಯವರು ಸೇರಿ ಕಟ್ಟುತ್ತಾರೆ. ಕಟ್ಟುವ ದಿನ ಮಕ್ಕಳು ಮಜ್ಜಿಗೆ ಹಂಚಿದರು. ಅಷ್ಟಕ್ಕೇ ಬಿಡಬಾರದು ಅನ್ನಿಸಿತು. ಈ ಸಂಕ ಯಾರ್ಯಾರದು ಅಂತ ಕೇಳಿದೆ. ಮಕ್ಕಳಿಗೆ ಹೇಳಲು ಆಗಲಿಲ್ಲ. ಸರಿ, ದಾಟುವವರನ್ನು ಎಣಿಸೋಣ ಅಂದೆ. ಹಳ್ಳದ ಹತ್ತಿರ ಬಿಡಲಿಲ್ಲ. ದಿಬ್ಬದ ಮೇಲಿನ ಮನೆಯ ಜಗಲಿಯಲ್ಲಿ ಆ ಮನೆಯ ಅಜ್ಜನ ಜೊತೆ ಕೂರಿಸಿದೆ. ಶಾಲೆ ಮಕ್ಕಳಿಗೆ ಹಸಿರು ಚುಕ್ಕೆ, ಡೈರಿಗೆ ಹಾಲು ಒಯ್ಯುವವರಿಗೆ ಬಿಳಿ, ತೋಟದ ಕೆಲಸದವರಿಗೆ ಕಂದು, ಆಶಾ ಕಾರ್ಯಕರ್ತೆಗೆ ಗುಲಾಬಿ. ವಾರ ಮುಗಿಯುವ ಹೊತ್ತಿಗೆ ಹಾಳೆಯೇ ಕಾಣದಷ್ಟು ಚುಕ್ಕೆ. ಮೂರನೇ ತರಗತಿಯ ಒಬ್ಬಳು ಚುಕ್ಕೆಯಲ್ಲಿ ಬರೆಯಲಾಗದ್ದನ್ನು ನೋಡಿಕೊಂಡು ಬಂದಿದ್ದಳು. "ಆಚೆ ಮನೆ ಅಜ್ಜಿ ಸಂಕದ ಮೇಲೆ ಕೂತ್ಕೊಂಡು ಜರುಗಿ ಜರುಗಿ ದಾಟ್ತಾರೆ ಟೀಚರ್. ಹಿಡ್ಕೊಳಕ್ಕೆ ಏನೂ ಇಲ್ಲ."

ಆ ಹಾಳೆಯನ್ನು ಮಕ್ಕಳ ಗ್ರಾಮಸಭೆಗೆ ಒಯ್ದೆವು. ಅವಳೇ ನಿಂತು ಅಜ್ಜಿಯ ಮಾತು ಹೇಳಿದಳು. ನಾನು ಬರೆದುಕೊಟ್ಟಿರಲಿಲ್ಲ. ಸದಸ್ಯರು ಹಾಳೆಯನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು.

ಇನ್ನೊಂದು ಕೆಲಸ ಮಲೆನಾಡಿನ ಶಿಕ್ಷಕರೆಲ್ಲ ಮಾಡಲೇಬೇಕಾದ್ದು. ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾಗಿದ್ದು ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣ್ಣೆ ಹುಳ (ಉಣುಗು) ಕಚ್ಚಿ ಹರಡುವ ಕಾಯಿಲೆ. ಮಂಗಗಳೂ ಇದರಿಂದ ಸಾಯುತ್ತವೆ. ಕಾಡುದಾರಿಯಲ್ಲಿ ನಡೆದು ಬರುವ ಮಕ್ಕಳಿಗೆ ಸತ್ತ ಮಂಗ ದೊಡ್ಡವರಿಗಿಂತ ಮೊದಲೇ ಕಾಣಬಹುದು. ಹತ್ತಿರ ಹೋಗಬೇಡ, ಕೋಲಿನಿಂದಲೂ ಮುಟ್ಟಬೇಡ, ಜಾಗ ನೆನಪಿಟ್ಟುಕೊಂಡು ಮನೆಯಲ್ಲೋ ಶಾಲೆಯಲ್ಲೋ ತಕ್ಷಣ ಹೇಳು ಅಂತ ಆಟವಾಡಿಸಿ ಕಲಿಸುತ್ತೇನೆ. ಆರೋಗ್ಯ ಇಲಾಖೆಗೆ ತಿಳಿಸುವುದು ದೊಡ್ಡವರ ಕೆಲಸ. ಆರು ವರ್ಷದ ಮಗು ಇಡೀ ಊರಿಗೆ ಮಾಡಬಹುದಾದ ಉಪಕಾರ ಇದಕ್ಕಿಂತ ದೊಡ್ಡದು ನನಗೆ ಗೊತ್ತಿಲ್ಲ.

ಸಂಕಕ್ಕೆ ಈಗ ಒಂದು ಬದಿ ಹಿಡಿಗಂಬ ಬಂದಿದೆ. ಇನ್ನೊಂದು ಬದಿ ಬಾಕಿ. ಈ ವರ್ಷದ ಗ್ರಾಮಸಭೆಗೆ ಹೊಸ ಮೂರನೆಯವರು ಮತ್ತೆ ಚುಕ್ಕೆ ಇಡುತ್ತಿದ್ದಾರೆ. ಅಜ್ಜಿಗೂ ಒಂದು ಬಣ್ಣ ಬೇಕು ಅಂತ ಹಟ ಮಾಡಿ ನೇರಳೆ ಸೇರಿಸಿಕೊಂಡಿದ್ದಾರೆ.