ಲಾಲ್‌ಬಾಗ್‌ಗೆ ಹೋದ್ರೆ ಹೂವಲ್ಲ, ಮರ ನೋಡಿ

ಬೆಂಗಳೂರಿನ ಲಾಲ್‌ಬಾಗ್ ತೋಟ ಅಂದ್ರೆ ಎಲ್ರೂ ಫ್ಲವರ್ ಶೋಗೇ ಓಡೋದು, ಜನವರಿ 26, ಆಗಸ್ಟ್ 15ರ ಆಸುಪಾಸು. ಮರ ನೋಡೋಕೆ ಆ ದಿನಗಳು ಬೇಡವೇ ಬೇಡ, ಜನರ ತಲೆ ಬಿಟ್ರೆ ಬೇರೇನೂ ಕಾಣಲ್ಲ. ವಾರದ ಮಧ್ಯೆ ಬೆಳಿಗ್ಗೆ ಬೇಗ ಹೋಗಿ. ಮೆಟ್ರೋ ಗ್ರೀನ್ ಲೈನಲ್ಲಿ ಲಾಲ್‌ಬಾಗ್ ಸ್ಟೇಷನ್ ಇಳಿದ್ರೆ ವೆಸ್ಟ್ ಗೇಟ್ ಹತ್ರಾನೇ. 240 ಎಕರೆ ಇದೆ, ಶೂ ಹಾಕ್ಕೊಂಡೇ ಬನ್ನಿ.

1760ರಲ್ಲಿ ಹೈದರಾಲಿ ಶುರು ಮಾಡಿದ್ದು, ಟಿಪ್ಪು ಹೊರದೇಶದಿಂದ ಗಿಡ, ಬೀಜ ತರಿಸಿದ, ಆಮೇಲೆ ತೋಟ ನೋಡ್ಕೊಳ್ಳೋಕೆ ಇಂಗ್ಲೆಂಡಿನ ಕ್ಯೂ ಗಾರ್ಡನ್‌ನಿಂದ ಬಂದ ಕ್ಯಾಮರಾನ್, 1908ರಿಂದ ಜರ್ಮನಿಯ ಕ್ರುಂಬಿಗಲ್, ಹೀಗೆ ಒಬ್ಬೊಬ್ರೂ ಒಂದೊಂದು ದೇಶದ್ದು ತಂದು ನೆಟ್ಟಿದ್ದೇ ಈಗ ನೆರಳು ಕೊಡ್ತಿರೋದು. ನಮ್ಮ ಸಾಂಬಾರಿನ ಸೀಮೆಬದನೆಕಾಯಿ ಕೂಡ ಕ್ಯಾಮರಾನ್ ಕಾಲದಲ್ಲಿ ಬಂದಿದ್ದೇ!

ಮೊದಲು ನಾಗಲಿಂಗದ ಮರ ಹುಡುಕಿ. ದಕ್ಷಿಣ ಅಮೆರಿಕದ್ದು ಅಂದ್ರೆ ಯಾರೂ ನಂಬಲ್ಲ, ದೇವಸ್ಥಾನದ ಅಂಗಳದಲ್ಲೇ ಹುಟ್ಟಿದ ಹಾಗಿದೆ. ಹೂ ಬಿಡೋದು ಕೊಂಬೆ ತುದಿಯಲ್ಲಲ್ಲ, ಕಾಂಡದಿಂದಲೇ ಜೋತು ಬೀಳೋ ಗೊಂಚಲಲ್ಲಿ. ಕೆಳಗೆ ಬಿದ್ದಿರೋ ಒಂದು ಹೂ ಎತ್ಕೊಂಡು ನೋಡಿ, ಎಸಳು ದಪ್ಪ, ಒಳಗೆ ಕೇಸರಗಳದೇ ಒಂದು ಹೆಡೆ, ಅದರ ಅಡಿಯಲ್ಲಿ ಪುಟ್ಟ ಲಿಂಗ, ವಾಸನೆ ಅಂತೂ ಘಮ್ಮಂತ ಇರುತ್ತೆ. ಮರದಲ್ಲಿರೋದನ್ನ ಮಾತ್ರ ಕೀಳ್ಬೇಡಿ, ಕಾಯಿ ಫಿರಂಗಿ ಗುಂಡಿನ ಥರ ಇರುತ್ತೆ, ಕೆಳಗೆ ಜಾಸ್ತಿ ಹೊತ್ತು ನಿಲ್ಲೋದೂ ಬೇಡ. ಆಫ್ರಿಕಾದ ಸಾಸೇಜ್ ಮರಕ್ಕೂ ಇದೇ ಮಾತು, ಉದ್ದ ತೊಟ್ಟಿಗೆ ನೇತಾಡೋ ಕಾಯಿ ಕಿಲೋಗಟ್ಟಲೆ ತೂಗುತ್ತೆ. ಆಮೇಲೆ ದೊಡ್ಡ ಬಿಳಿ ಬೂರುಗದ ಮರ, ಅದರ ಬೇರು ಗೋಡೆ ಥರ ಎದ್ದಿದೆ, ಸೆಲ್ಫಿಗೆ ಹತ್ತಬೇಡಿ ಪ್ಲೀಸ್, ಸುತ್ತ ಒಂದು ರೌಂಡ್ ಹಾಕಿದ್ರೆ ಸಾಕು.

ಮಡಗಾಸ್ಕರ್‌ನ ಗುಲ್‌ಮೊಹರ್ ಹೂ ಬಿಡೋದು ಏಪ್ರಿಲ್-ಮೇನಲ್ಲಿ, ಪಿಂಕ್ ಟಬೆಬೂಯಾ ಮರ ಜನವರಿ-ಫೆಬ್ರವರಿಯಲ್ಲಿ. ಎಲ್ಲಾ ಒಂದೇ ಸಲ ಸಿಗಲ್ಲ, ಅದಕ್ಕೇ ಎರಡು ಸೀಸನ್‌ನಲ್ಲಿ ಹೋಗಿ. ಮರದ ಮೇಲಿನ ಬೋರ್ಡ್ ಓದ್ತಾ ಹೋದ್ರೆ ಆಪ್ ಬೇಕಾಗಲ್ಲ.

ಗ್ಲಾಸ್ ಹೌಸ್ ಹೇಗೂ ಕಾಣುತ್ತೆ, 1889ರಲ್ಲಿ ಅಡಿಪಾಯ ಹಾಕಿದ್ದು. ತೋಟದೊಳಗಿನ ದೊಡ್ಡ ಬಂಡೆ ಹತ್ತೋದನ್ನ ಬಿಸಿಲೇರೋಕೆ ಮುಂಚೆ ಮುಗಿಸಿ, ಸುಮಾರು 300 ಕೋಟಿ ವರ್ಷದ್ದು, ಮೇಲೆ ಕೆಂಪೇಗೌಡರ ಗೋಪುರ ಇದೆ. ಮೇನ್ ಗೇಟಿಂದ ಆಚೆ ಬಂದ್ರೆ ಎಂಟಿಆರ್ ಹೋಟೆಲ್ ಹತ್ರ, ಭಾನುವಾರ ಹೋಗಿ ಕ್ಯೂ ನೋಡಿ ನನ್ನ ಬೈಬೇಡಿ ಅಷ್ಟೇ.