ಹಿಮದ ರನ್‌ವೇ ಮೇಲೆ ಚಕ್ರ ಇಳಿಸಿದ ಬಗೆ: ನನ್ನ ಅನುಭವ

ಅಂಟಾರ್ಕ್ಟಿಕಾದಲ್ಲಿ ಚಕ್ರದ ವಿಮಾನ ಇಳಿಯಬೇಕಾದರೆ ಹಿಮದ ಹೊದಿಕೆಯಿಲ್ಲದ ಗಟ್ಟಿ ನೀಲಿ ಮಂಜುಗಡ್ಡೆಯೇ ಬೇಕು, ಹಿಮದ ಮೇಲೆ ಸ್ಕೀ ಬಿಟ್ಟರೆ ಗತಿಯಿಲ್ಲ ಎಂದು ಈ ಕಸುಬಿನವರೇ ಬಹಳ ಮಂದಿ ವಾದಿಸುತ್ತಿದ್ದರು. ಭಾರತದ ಮೈತ್ರಿ ನೆಲೆಗೆ ಹೋಗುವವರು ಇಳಿಯುವ ನೋವೊ, ನಾರ್ವೆಯವರ ಟ್ರೋಲ್, ಆಸ್ಟ್ರೇಲಿಯಾದ ಕೇಸಿ ನೆಲೆಯ ಬಳಿಯ ವಿಲ್ಕಿನ್ಸ್ ರನ್‌ವೇಗಳೆಲ್ಲವೂ ಮಂಜುಗಡ್ಡೆಯ ಮೇಲಿವೆ, ನಿಜ. ಆದರೆ ಸೋವಿಯತ್ತಿನವರು 1980ರ ದಶಕದಲ್ಲೇ ತಮ್ಮ ಮೊಲೊಡ್ಯೋಜ್ನಾಯಾ ನೆಲೆಯಲ್ಲಿ ಅದುಮಿದ ಹಿಮದ ಮೇಲೆ ಇಲ್ಯೂಶಿನ್ ವಿಮಾನ ಇಳಿಸಿದ್ದರು. ಅಮೆರಿಕದ ಮ್ಯಾಕ್‌ಮರ್ಡೊ ನೆಲೆಯ ಫೀನಿಕ್ಸ್ ಹಿಮದ ರನ್‌ವೇಯಲ್ಲಿ 2017ರಿಂದ ಭಾರಿ ಸರಕು ವಿಮಾನ ಸಿ-17 ಇಳಿಯುತ್ತಿದೆ. ನಾವು ಮಾಡಿದ್ದು ಅಷ್ಟು ದೊಡ್ಡದಲ್ಲ. ಸಮುದ್ರದ ಮೇಲೆ ಚಾಚಿದ ಮಂಜಿನ ಹಾಸು, ಅಂದರೆ ಐಸ್ ಶೆಲ್ಫ್ ಮೇಲೆ ಸುಮಾರು 1,800 ಮೀಟರ್ ಉದ್ದ, 40 ಮೀಟರ್ ಅಗಲದ ಪಟ್ಟಿ, ಹರ್ಕ್ಯುಲಿಸ್ ಸರಕು ವಿಮಾನದ ಚಕ್ರ ತಡೆಯುವಷ್ಟು ಗಟ್ಟಿ. ಆಗದ ಕೆಲಸ ಅಂದಿದ್ದರು, ಆಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕೈಕೊಟ್ಟದ್ದನ್ನು ಹೇಳುತ್ತೇನೆ. ಉಕ್ಕಿನ ಡ್ರಮ್ ರೋಲರ್ ಓಡಿಸಿದರೆ ಮೇಲೆ ಒಂದು ಗೇಣಿನಷ್ಟು ಚೆನ್ನಾಗಿ ಗಟ್ಟಿಯಾಗುತ್ತದೆ, ನಡೆದು ನೋಡಿದರೆ ಕಾಂಕ್ರೀಟ್ ಅನಿಸುತ್ತದೆ. ಗಟ್ಟಿತನ ಅಳೆಯಲು ಸುತ್ತಿಗೆಯಿಂದ ಹೊಡೆದಿಳಿಸುವ ರಾಡು, ಪೆನೆಟ್ರೋಮೀಟರ್, ಇಳಿಸಿದರೆ ಬಣ್ಣ ಬಯಲು: ಮೊದಲ 15 ಸೆಂ.ಮೀ.ಗೆ ಸುತ್ತಿಗೆ ಏಟು ಎಣಿಸಿ ಸಾಕಾಗುತ್ತದೆ, ಅದರ ಕೆಳಗೆ ರಾಡು ತನ್ನ ಭಾರಕ್ಕೇ ಸರ್ರನೆ ಇಳಿದುಬಿಡುತ್ತದೆ. ಮೇಲ್ಪದರದ ಗಟ್ಟಿತನ ಟೈರಿನ ಗಾಳಿಯ ಒತ್ತಡಕ್ಕೆ ಉತ್ತರ ಕೊಡುತ್ತದೆ. ಆಳದ ಗಟ್ಟಿತನ ಒಟ್ಟು ಭಾರಕ್ಕೆ ಉತ್ತರ ಕೊಡುತ್ತದೆ. ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟರೆ ವಿಮಾನದ ಚಕ್ರ ಸಿಪ್ಪೆ ಒಡೆದು ಒಳಗೆ ಕೂರುತ್ತದೆ.

ನೀರು ಸಿಂಪಡಿಸುವುದೂ ಹೀಗೆಯೇ. ಎರಡು ಬೆರಳು ದಪ್ಪದ ಮಂಜುಗಡ್ಡೆ ಹಪ್ಪಳ ಬರುತ್ತದೆ, ಕೆಳಗೆ ಸಡಿಲು ಹಿಮ. ಭಾರ ಬಿದ್ದರೆ ಚೂರುಚೂರು. ಹಿಮ ಕರಗಿಸಿ ನೀರು ಮಾಡಲು ಸುಡುವ ಎಣ್ಣೆಯ ಲೆಕ್ಕ ಹಾಕಿದರೆ ಆ ದಾರಿಯ ಮಾತೇ ಬೇಡ.

ನಮ್ಮ ಕೈಹಿಡಿದದ್ದು ಪುಡಿಮಾಡಿ, ಅದುಮಿ, ಗಟ್ಟಿಯಾಗಲು ಬಿಡುವ ಕ್ರಮ. ಗಾಳಿಗೆ ಕೂತ ಹಿಮದ ಸಾಂದ್ರತೆ ಘನ ಮೀಟರಿಗೆ 400 ಕಿಲೋ ಆಸುಪಾಸು. ನಮಗೆ ಬೇಕಾದ್ದು 600. ಅಂದರೆ 60 ಸೆಂ.ಮೀ. ಗಟ್ಟಿ ಹಾಸು ಸಿಗಬೇಕಾದರೆ 90 ಸೆಂ.ಮೀ. ಹಿಮ ಹಾಕಬೇಕು. ಇಡೀ ಪಟ್ಟಿಗೆ 65 ಸಾವಿರ ಘನ ಮೀಟರ್, ತೂಕದಲ್ಲಿ 26 ಸಾವಿರ ಟನ್. ಇದನ್ನು ಒಂದೇ ಸಲ ಹರಡಿದವರು ಯಾರೂ ಗೆದ್ದಿಲ್ಲ. 15ರಿಂದ 20 ಸೆಂ.ಮೀ. ಪದರಗಳಲ್ಲಿ ಏರಿಸಿ.

ಪ್ರತಿ ಪದರವನ್ನೂ ಟಿಲ್ಲರ್‌ನಿಂದ ಎರಡು ಸಲ ಪುಡಿಮಾಡಬೇಕು. ಉದ್ದೇಶ ನುಣ್ಣಗೆ ಮಾಡುವುದಲ್ಲ. ಚಿರೋಟಿ ರವೆ, ದಪ್ಪ ರವೆ ಬೆರೆಸಿದಂತೆ ಸಣ್ಣ ಕಾಳು ದೊಡ್ಡ ಕಾಳಿನ ಸಂದಿಗೆ ಹೋಗಿ ಕೂರಬೇಕು. ಆಗ ಕಾಳು ಕಾಳು ಮುಟ್ಟುವ ಜಾಗ ಹೆಚ್ಚಾಗಿ ಕಾಳುಗಳು ಒಂದಕ್ಕೊಂದು ಅಂಟುವ ಬೆಸುಗೆ ಬೇಗ ಬೆಳೆಯುತ್ತದೆ. ರೋಟರ್ ಹಲ್ಲಿನ ಕೋನ ಮತ್ತು ವೇಗವನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನಾವು ಕೊಟ್ಟ ಸಮಯ ಸಾಕಷ್ಟಿದೆ, ನೀವೂ ನಿಮ್ಮ ಹಿಮಕ್ಕೆ ತಕ್ಕಂತೆ ಹುಡುಕಿಕೊಳ್ಳಬೇಕು.

ಪುಡಿಮಾಡಿದ ಕೂಡಲೇ ಭಾರದ ಗಾಡಿ ಹತ್ತಿಸಿದರೆ ಟೈರಿನ ಮುಂದೆ ಹಿಮ ಅಲೆಯಂತೆ ಎದ್ದು ಸರಿಯುತ್ತದೆ, ಪದರ ಒಳಗೇ ಹರಿಯುತ್ತದೆ. ಮೊದಲು ಚಕ್ರದ ಬದಲು ಪಟ್ಟೆ ಇರುವ ಟ್ರ್ಯಾಕ್ಟರ್‌ನಿಂದಲೇ ತುಳಿಸಿ. ಒಂದು ದಿನ ಬಿಟ್ಟು ಟೈರ್ ರೋಲರ್, 15 ಟನ್, 30 ಪಿಎಸ್‌ಐ. ಮತ್ತೆ ಬಿಡುವು. ಆಮೇಲೆ ಭಾರ 25 ಟನ್, ಒತ್ತಡ 60. ಕೊನೆಯ ಸುತ್ತು 40 ಟನ್, 100 ಪಿಎಸ್‌ಐ. ಭಾರಕ್ಕೆ ಉಕ್ಕಿನ ತಗಡು, ಹಳೆಯ ಟ್ರ್ಯಾಕ್ಟರ್ ತೂಕಗಳು ಸಾಕು. ಒಂದೊಂದು ಹಂತದಲ್ಲೂ ಎಂಟು ಹತ್ತು ಸುತ್ತು. ಹಿಂದಿನ ಜಾಡನ್ನು ಅರ್ಧ ಟೈರ್ ಹತ್ತಿಕೊಂಡು ಹೋಗಬೇಕು, ಇಲ್ಲವಾದರೆ ಜಾಡುಗಳ ನಡುವೆ ಮೆತ್ತನೆಯ ಗೆರೆ ಉಳಿಯುತ್ತದೆ.

ಬೆಸುಗೆಗೆ ಚಳಿ ಹೆಚ್ಚಾದರೂ ಕಷ್ಟ. ಹಿಮದ ಉಷ್ಣಾಂಶ ಮೈನಸ್ 8ರಿಂದ 12ರ ಒಳಗಿದ್ದರೆ ವಾರದಲ್ಲಿ ಕಣ್ಣಿಗೆ ಕಾಣುವಷ್ಟು ಗಟ್ಟಿ. ಮೈನಸ್ 25 ದಾಟಿದರೆ ವಾರಗಟ್ಟಲೆ ಕಾಯಬೇಕು. ಹಾಗೆಂದು ಮೈನಸ್ 3, 4ಕ್ಕೆ ಕೈಹಾಕಿದರೆ ಟಿಲ್ಲರಿಗೆ ಅಂಟುತ್ತದೆ, ಟೈರು ಹಿಮವನ್ನು ಎತ್ತಿಕೊಂಡು ಹೋಗುತ್ತದೆ. ಡಿಸೆಂಬರ್ ಮಧ್ಯಾಹ್ನ ಪುಡಿಮಾಡಿ, ಸೂರ್ಯ ತಗ್ಗಿದ ರಾತ್ರಿ ಹೊತ್ತು ಅದುಮುವುದು ಒಳ್ಳೆಯ ಹೊಂದಾಣಿಕೆ.

ಹಣದ ವಿಷಯ. ಹಿಮ ಪುಕ್ಕಟೆ, ಎಣ್ಣೆ ಪುಕ್ಕಟೆಯಲ್ಲ. ಯಂತ್ರವೊಂದು ಗಂಟೆಗೆ 40 ಲೀಟರ್ ಕುಡಿಯುತ್ತದೆ. ಒಟ್ಟು 25ರಿಂದ 30 ಸಾವಿರ ಲೀಟರ್ ಖರ್ಚಾಗಿರಬೇಕು. ಹಡಗಿನಿಂದ ಇಳಿಸಿ ಸ್ಲೆಡ್ಜ್‌ನಲ್ಲಿ ಎಳೆದು ತರುವ ಹೊತ್ತಿಗೆ ಲೀಟರಿನ ಬೆಲೆ ಕೇಪ್‌ಟೌನ್‌ನ ನಾಲ್ಕೈದು ಪಟ್ಟು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಿದ್ದು ಹಿಮ ತಳ್ಳುವುದಕ್ಕೇ. ಉಳಿಸಬೇಕೆಂದರೆ ಗಾಳಿಯಿಂದ ದುಡಿಸಿಕೊಳ್ಳಿ: ಹಿಂದಿನ ಋತುವಿನ ಕೊನೆಗೆ ಗಾಳಿ ಬರುವ ಕಡೆ ತಗ್ಗು ದಿಬ್ಬದ ಸಾಲು ಎಬ್ಬಿಸಿ ಹೋದರೆ ಚಳಿಗಾಲದಲ್ಲಿ ಅದರ ಮರೆಗೆ ಹಿಮ ಬಂದು ತಾನೇ ಶೇಖರವಾಗಿರುತ್ತದೆ. ದಿಬ್ಬವನ್ನು ಪಟ್ಟಿಯಿಂದ ಎಷ್ಟು ದೂರ ಇಡಬೇಕು ಎಂಬುದು ಜಾಗದ ಗಾಳಿಯ ಮೇಲಿದೆ, ನಮ್ಮ ಅಳತೆ ನಿಮಗೆ ಹೊಂದದು.

ಪಕ್ಕದಲ್ಲಿ ಕೆಲವು ಪ್ರಯೋಗಗಳೂ ನಡೆದವು. ಇಟ್ಟಿಗೆ ನೆಲಹಾಸಿಗೆ ಬಳಸುವ ಪ್ಲೇಟ್ ವೈಬ್ರೇಟರ್ ತಾಜಾ ಪುಡಿಹಿಮದ ಮೇಲೆ ಅದ್ಭುತವಾಗಿ ಕೆಲಸ ಮಾಡುತ್ತದೆ. ಇಡೀ ಪಟ್ಟಿಗೆ ಆಗದು, ಅಂಚಿಗೂ ತೇಪೆಗೂ ಅದಕ್ಕಿಂತ ಒಳ್ಳೆಯದು ಸಿಗಲಿಲ್ಲ. ಮರದ ಹೊಟ್ಟು ಬೆರೆಸಿದರೆ ಬಲ ಬರುತ್ತದೆ ಎಂಬ ಹಳೆಯ ಮಾತಿದೆ. ಡಬ್ಬಿಯಲ್ಲಿ ಮಾಡಿ ನೋಡಿದಾಗ ಬಲ ಬಂತು. ಆದರೆ ಹೊಟ್ಟಿನ ಬಣ್ಣ ಬಿಸಿಲನ್ನು ಹೀರುತ್ತದೆ, 1991ರ ಮ್ಯಾಡ್ರಿಡ್ ಒಡಂಬಡಿಕೆಯ ಪ್ರಕಾರ ಅದನ್ನು ಅಲ್ಲಿ ಬಿಟ್ಟು ಬರುವಂತೆಯೂ ಇಲ್ಲ.

ಬಣ್ಣದ ವಿಷಯ ಹಗುರವಾಗಿ ನೋಡಬೇಡಿ. ಮ್ಯಾಕ್‌ಮರ್ಡೊದ ಪೆಗಾಸಸ್ ರನ್‌ವೇ ಮುಚ್ಚಿಸಿದ್ದು ಗಾಳಿ ಹೊತ್ತು ತಂದ ಕಪ್ಪು ಧೂಳು. ತಾಜಾ ಹಿಮ ಬೆಳಕಿನ ನೂರಕ್ಕೆ 80ಕ್ಕೂ ಹೆಚ್ಚನ್ನು ಹಿಂದಕ್ಕೆ ಕಳಿಸುತ್ತದೆ. ಧೂಳು ಕೂತ ಕಡೆ ಕರಗಿ ಗುಂಡಿ ಬೀಳುತ್ತದೆ. ಎಣ್ಣೆ ತೊಟ್ಟಿಕ್ಕುವ ಯಂತ್ರ, ಹೊಗೆ ಕಾರುವ ಯಂತ್ರ ಎರಡನ್ನೂ ಪಟ್ಟಿಯ ಮೇಲೆ ನಿಲ್ಲಿಸಬಾರದು. ಋತು ಪೂರ್ತಿ ಮೇಲೆ ನಾಲ್ಕೈದು ಸೆಂ.ಮೀ. ಬಿಳಿ ಹಿಮ ಎಳೆದಿಟ್ಟು, ವಿಮಾನ ಬರುವ ಮುಂಚೆ ಕೆರೆದು ತೆಗೆಯುತ್ತೇವೆ.

ಪಟ್ಟಿ ಸುತ್ತಲಿನ ನೆಲಕ್ಕಿಂತ 40 ಸೆಂ.ಮೀ. ಎತ್ತರವಿರಲಿ, ಅಂಚು ಇಳಿಜಾರಾಗಿರಲಿ. ಆಗ ಗಾಳಿಯೇ ಗುಡಿಸುತ್ತದೆ. ಡ್ರಮ್ಮು, ಶೆಡ್ಡು, ನಿಂತ ಟ್ರ್ಯಾಕ್ಟರ್ ಎಲ್ಲವೂ ಗಾಳಿ ಹೋಗುವ ಕಡೆಗೇ. ಗಾಳಿ ಬರುವ ಕಡೆ ಆಗಲೇ ಹೇಳಿದ ದೂರದ ದಿಬ್ಬ, ಬಿದಿರಿನ ಬಾವುಟ ಬಿಟ್ಟು ಬೇರೇನೂ ಬೇಡ.

ಕೊನೆಗೆ ಪರೀಕ್ಷೆ. ಹರ್ಕ್ಯುಲಿಸ್ 70 ಟನ್ ಎಂದಿಟ್ಟುಕೊಂಡರೆ ನಾಲ್ಕು ಮುಖ್ಯ ಚಕ್ರಗಳಲ್ಲಿ ಒಂದೊಂದಕ್ಕೂ 16, 17 ಟನ್ ಬೀಳುತ್ತದೆ. ನಾವು ಚಕ್ರಕ್ಕೆ 20 ಟನ್ ಹೇರಿದ ಗಾಡಿಗೆ ವಿಮಾನದ್ದೇ ಟೈರು ಹಾಕಿ ಪಟ್ಟಿ ಪೂರ್ತಿ ಎಳೆದೆವು. ಜಾಡು ಒಂದು ಅಂಗುಲ ಮೀರಿದ ಕಡೆ ಬಾವುಟ. ಅಂಥ ಜಾಗಕ್ಕೆ ಮೇಲೆ ತೇಪೆ ಹಾಕಿದರೆ ಮತ್ತೆ ಅಲ್ಲೇ ಕುಸಿಯುತ್ತದೆ. ಚೌಕವಾಗಿ 60 ಸೆಂ.ಮೀ. ಆಳದ ತನಕ ಕೊಯ್ದು ತೆಗೆದು, ಪುಡಿಹಿಮ ಪದರ ಪದರವಾಗಿ ತುಂಬಿ ವೈಬ್ರೇಟರ್ ಓಡಿಸಿ, ಹತ್ತು ದಿನವಾದರೂ ಬಿಟ್ಟು ಗಾಡಿಯನ್ನು ಮತ್ತೆ ಎಳೆಯಬೇಕು. ಚಳಿಗಾಲ ಕಳೆದ ಮೇಲೂ ಇದೇ ಪರೀಕ್ಷೆ ಮೊದಲಿಂದ. ಹಳೆಯ ಹಾಸಿನ ಕೆಳಗೆ ಸಡಿಲು ಹರಳಿನ ಪದರ ಬೆಳೆದಿದ್ದರೆ ಅದು ಗಾಡಿಗೆ ಮಾತ್ರ ಗೊತ್ತಾಗುತ್ತದೆ. ಹಾಸಿನ ಉಷ್ಣಾಂಶ ಮೈನಸ್ 5ಕ್ಕಿಂತ ಮೇಲೇರಿದ ದಿನ ಚಕ್ರದ ವಿಮಾನಕ್ಕೆ ನಾವು ಒಪ್ಪಿಗೆ ಕೊಡುವುದಿಲ್ಲ.