ಸಿವಿಲ್ ಎಂ.ಟೆಕ್ ಸಿಲಬಸ್ ಬರೆಯೋಕೆ ಕೂತಿದ್ದೀರಾ? ಕೊನೆಯ ಸೆಮಿಸ್ಟರ್‌ನಿಂದ ಶುರು ಮಾಡಿ

ಹೊಸ ಸ್ಕೀಮ್ (ಯಾವ ಸೆಮಿಸ್ಟರ್‌ಗೆ ಯಾವ ವಿಷಯ, ಎಷ್ಟು ಕ್ರೆಡಿಟ್ ಅನ್ನೋ ಪಟ್ಟಿ) ಬರೆಯಬೇಕು ಅಂದಾಗ ಹೆಚ್ಚಿನವರು ಮೊದಲ ಸೆಮಿಸ್ಟರ್‌ನ ಮೊದಲ ವಿಷಯದಿಂದ ಶುರು ಮಾಡುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ. ಈಗ ಯಾರು ಕೇಳಿದರೂ ಒಂದೇ ಮಾತು ಹೇಳುತ್ತೇನೆ: ನಾಲ್ಕನೇ ಸೆಮಿಸ್ಟರ್ ಮೊದಲು ಬರೆಯಿರಿ, ಆಮೇಲೆ ಹಿಂದಕ್ಕೆ ಬನ್ನಿ. ಯಾಕೆ ಅನ್ನೋದನ್ನು ಸ್ಟ್ರಕ್ಚರಲ್ ಇಂಜಿನಿಯರಿಂಗ್ ಎಂ.ಟೆಕ್ ಇಟ್ಟುಕೊಂಡೇ ನೋಡೋಣ.

ಮೊದಲು ನಿಮ್ಮ ಕೈಯಲ್ಲಿ ಎಷ್ಟಿದೆ ತಿಳಿದುಕೊಳ್ಳಿ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಅಡಿಯಲ್ಲಿರುವ ಮಾಮೂಲಿ ಕಾಲೇಜಾದರೆ ವಿಶ್ವವಿದ್ಯಾಲಯದ ಸಿಲಬಸ್ಸೇ ನಿಮ್ಮದು. ಸ್ವಾಯತ್ತ ಕಾಲೇಜಾದರೆ ನೀವೇ ಬರೆಯಬಹುದು, ಆದರೆ ಚೌಕಟ್ಟು ಇದ್ದೇ ಇದೆ. ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ನಿಯಂತ್ರಣ ಸಂಸ್ಥೆ ಎಐಸಿಟಿಇ 2018ರಲ್ಲಿ ಕೊಟ್ಟ ಮಾದರಿ ಪಠ್ಯಕ್ರಮದಲ್ಲಿ ಎಂ.ಟೆಕ್‌ಗೆ ಒಟ್ಟು 68 ಕ್ರೆಡಿಟ್. ಮೊದಲೆರಡು ಸೆಮಿಸ್ಟರ್‌ಗೆ 18, 18. ಮೂರು ಮತ್ತು ನಾಲ್ಕಕ್ಕೆ 16, 16. ನಿಮ್ಮ ವಿಶ್ವವಿದ್ಯಾಲಯದ ನಿಯಮದಲ್ಲಿ ಒಟ್ಟು ಬೇರೆ ಇದ್ದರೆ ಅದನ್ನೇ ಹಿಡಿಯಿರಿ. ವಾರಕ್ಕೆ ಒಂದು ಗಂಟೆ ಪಾಠಕ್ಕೆ ಒಂದು ಕ್ರೆಡಿಟ್, ಎರಡು ಗಂಟೆ ಲ್ಯಾಬ್‌ಗೆ ಒಂದು ಕ್ರೆಡಿಟ್, ಇಷ್ಟು ನೆನಪಿದ್ದರೆ ಲೆಕ್ಕ ಸುಲಭ.

ಈಗ ಆ 68ರಲ್ಲಿ ಪ್ರಾಜೆಕ್ಟ್‌ಗೆ ಎಷ್ಟು ಹೋಗುತ್ತೆ ನೋಡಿ. ಮೂರನೇ ಸೆಮಿಸ್ಟರ್‌ನಲ್ಲಿ 10, ನಾಲ್ಕನೆಯದರಲ್ಲಿ ಪೂರ್ತಿ 16. ಒಟ್ಟು 26. ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ! ಆದರೂ ಎಷ್ಟೋ ಸಿಲಬಸ್ ಪುಸ್ತಕಗಳಲ್ಲಿ ಇದಕ್ಕೆ ಅರ್ಧ ಪುಟವೂ ಇರುವುದಿಲ್ಲ.

ಒಂದು ಸಣ್ಣ ಲೆಕ್ಕ ಹಾಕೋಣ. ವಿದ್ಯಾರ್ಥಿನಿಯೊಬ್ಬಳು ನಾಲ್ಕನೇ ಸೆಮಿಸ್ಟರ್‌ನಲ್ಲಿ ಕಾಂಕ್ರೀಟ್ ಬೀಮ್‌ಗಳ ಮೇಲೆ ಪ್ರಯೋಗ ಮಾಡಬೇಕು. ಸಿಮೆಂಟ್, ಫ್ಲೈ ಆಶ್, ಅಚ್ಚು ಎಲ್ಲ ಹೊಂದಿಸುವಷ್ಟರಲ್ಲಿ ನಾಲ್ಕು ವಾರ. ಮಿಕ್ಸ್ ಡಿಸೈನ್ (ಯಾವುದು ಎಷ್ಟು ಸೇರಬೇಕು ಅನ್ನೋ ಲೆಕ್ಕ) ಮಾಡಿ 150 ಮಿ.ಮೀ. ಕ್ಯೂಬ್ ಹಾಕಿ, ಮೇಲೆ ಪೇಂಟ್‌ನಲ್ಲಿ ತಾರೀಖು ಬರೆದು ಗಟ್ಟಿಯಾಗಲು ನೀರಿನ ಕ್ಯೂರಿಂಗ್ ತೊಟ್ಟಿಗೆ ಇಳಿಸಿದರೆ ಮತ್ತೆ 28 ದಿನ. ಅಂದುಕೊಂಡಷ್ಟು ಬಲ ಬರಲಿಲ್ಲ ಅಂದ್ರೆ? ಇನ್ನೊಂದು ಮಿಕ್ಸ್, ಇನ್ನೊಂದು 28 ದಿನ. ಆಮೇಲೆ ಬೀಮ್ ಹಾಕಬೇಕು, ಅದಕ್ಕೂ 28 ದಿನ. ಅಲ್ಲಿಗೆ ಹದಿನಾರು ವಾರ ಮುಗೀತು. ಒಂದು ಬೀಮೂ ಭಾರ ಹಾಕಿ ಪರೀಕ್ಷಿಸುವ ಲೋಡಿಂಗ್ ಫ್ರೇಮ್ ಹತ್ತಿಲ್ಲ. ಕೊನೆಗೆ ಆಕೆ ರಾತ್ರಿ ಕೂತು ಸಾಫ್ಟ್‌ವೇರ್‌ನಲ್ಲಿ ಒಂದು ಮಾಡೆಲ್ ಮಾಡಿ ರಿಪೋರ್ಟ್ ತುಂಬಿಸುತ್ತಾಳೆ. ತಪ್ಪು ಅವಳದಲ್ಲ, ನಾವು ಬರೆದ ಸ್ಕೀಮಿನದು.

ಹಾಗಾಗಿ ಪ್ರಾಜೆಕ್ಟಿನ ಮೊದಲ ಹಂತಕ್ಕೆ, ಅಂದರೆ ಮೂರನೇ ಸೆಮಿಸ್ಟರಿನ ಆ 10 ಕ್ರೆಡಿಟ್‌ಗೆ, ಅಂದರೆ ವಾರಕ್ಕೆ 20 ಗಂಟೆಗೆ, ಏನು ಮುಗಿಯಬೇಕು ಅಂತ ಸಿಲಬಸ್‌ನಲ್ಲೇ ಬರೆಯಿರಿ. ಟ್ರಯಲ್ ಮಿಕ್ಸ್ ಫಲಿತಾಂಶ ಕೈಯಲ್ಲಿರಬೇಕು. ಬರೀ ಲಿಟರೇಚರ್ ರಿವ್ಯೂ ಸಾಲದು. ಹಾಗೆ ಬರೆದ ಕೂಡಲೇ ಹಿಂದಿನ ಸೆಮಿಸ್ಟರ್‌ಗಳು ತಾವಾಗಿಯೇ ರೂಪ ಪಡೆಯುತ್ತವೆ: ಮೂರನೆಯದರಲ್ಲಿ ಮಿಕ್ಸ್ ಮಾಡಬೇಕಾದರೆ ಕಾಂಕ್ರೀಟ್ ಲ್ಯಾಬ್ ಮೊದಲನೆಯದರಲ್ಲೇ ಇರಬೇಕು, ವಿಷಯ ಆರಿಸಬೇಕಾದರೆ ರಿಸರ್ಚ್ ಮೆಥಡಾಲಜಿಯೂ ಅಲ್ಲೇ ಇರಬೇಕು, ಎರಡನೇ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್ ದೊಡ್ಡ ಪ್ರಾಜೆಕ್ಟಿನ ಮೊದಲ ತುಣುಕಾದರೆ ಇನ್ನೂ ಒಳ್ಳೆಯದು.

ಉಳಿದ ಲೆಕ್ಕ ಬೇಗ ಮುಗಿಯುತ್ತದೆ. ನಾಲ್ಕು ಕೋರ್ ವಿಷಯಕ್ಕೆ 12, ಐದು ಎಲೆಕ್ಟಿವ್‌ಗೆ 15, ಓಪನ್ ಎಲೆಕ್ಟಿವ್‌ಗೆ 3, ನಾಲ್ಕು ಲ್ಯಾಬ್‌ಗೆ 8, ರಿಸರ್ಚ್ ಮೆಥಡಾಲಜಿಗೆ 2, ಮಿನಿ ಪ್ರಾಜೆಕ್ಟ್‌ಗೆ 2. ಪ್ರಾಜೆಕ್ಟಿನ 26 ಸೇರಿಸಿ, 68 ಆಯಿತು. ಆಡಿಟ್ ಕೋರ್ಸ್‌ಗಳಿಗೆ ಕ್ರೆಡಿಟ್ ಇಲ್ಲ. ಅಲ್ಲಿ ಸಂಶೋಧನಾ ಲೇಖನ ಬರೆಯುವ ಇಂಗ್ಲಿಷ್ ಕೋರ್ಸ್ ಒಂದಿದೆ, ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಅದನ್ನು ತಪ್ಪದೆ ಹೇಳಿ.

ನಿಮಗೆ ನಿಜವಾದ ಸ್ವಾತಂತ್ರ್ಯ ಇರುವುದು ಎಲೆಕ್ಟಿವ್‌ಗಳಲ್ಲಿ. ಇಪ್ಪತ್ತು ಹೆಸರು ಪಟ್ಟಿ ಮಾಡಬೇಡಿ, ಪಾಠ ಮಾಡೋಕೆ ಜನ ಇರುವಷ್ಟೇ ಇಡಿ. ಯಾರೂ ಇಲ್ಲದ ವಿಷಯಕ್ಕೆ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್ ತಾಣ ಸ್ವಯಂ ಇದೆ. ಯುಜಿಸಿಯ 2021ರ ನಿಯಮದ ಪ್ರಕಾರ ಒಂದು ಸೆಮಿಸ್ಟರ್‌ನ ಶೇ 40ರವರೆಗಿನ ಕೋರ್ಸ್‌ಗಳನ್ನು ಅಲ್ಲಿಂದ ಪಡೆಯಬಹುದು. ಊರನ್ನೂ ನೋಡಿ. ಭೂಕಂಪ ವಿನ್ಯಾಸದ ಭಾರತೀಯ ಕೋಡ್ ಆದ 2016ರ ಐಎಸ್ 1893ರಲ್ಲಿ ಬೆಂಗಳೂರು ಎರಡನೇ ಭೂಕಂಪ ವಲಯದಲ್ಲಿದೆ, ಮಂಗಳೂರು ಮೂರನೆಯದರಲ್ಲಿ. ಕರಾವಳಿಯ ಕಾಲೇಜಾದರೆ ಉಪ್ಪುಗಾಳಿಗೆ ತುಕ್ಕು ಹಿಡಿಯುವ ಕಬ್ಬಿಣ, ಹಳೆ ಸೇತುವೆಗಳ ದುರಸ್ತಿ ಎಲ್ಲ ಕಣ್ಣೆದುರೇ ಇದೆ. ಅದನ್ನು ಬಿಟ್ಟು ಬೇರೆ ಎಲ್ಲಿಗೆ ಹೋಗೋದು?

ಕೋಡ್‌ಗಳ ವಿಷಯದಲ್ಲಿ ಎಚ್ಚರ. ಭೂಕಂಪ ತಾಳಬೇಕಾದ ಕಾಂಕ್ರೀಟ್ ಕಟ್ಟಡಗಳ ಕೋಡ್ ಐಎಸ್ 13920 ನೋಡಿ. 1993ರಲ್ಲಿ ಅದರ ಹೆಸರಲ್ಲಿ ಡಕ್ಟೈಲ್ ಡೀಟೇಲಿಂಗ್ (ಒಮ್ಮೆಲೇ ಮುರಿಯದೆ ಬಾಗುವಂತೆ ಕಂಬಿ ಜೋಡಿಸುವುದು) ಮಾತ್ರ ಇತ್ತು, 2016ರಲ್ಲಿ ಡಿಸೈನ್ ಅನ್ನೋದೂ ಸೇರಿತು. ಹಳೆ ಸಿಲಬಸ್ ಕಾಪಿ ಮಾಡಿದರೆ ಆ ಬದಲಾವಣೆಯೇ ಪಾಠಕ್ಕೆ ಬರುವುದಿಲ್ಲ.

ಪ್ರತಿ ವಿಷಯಕ್ಕೂ ಕೋರ್ಸ್ ಔಟ್‌ಕಮ್ (ಪಾಠ ಮುಗಿದ ಮೇಲೆ ವಿದ್ಯಾರ್ಥಿಗಳು ಏನು ಮಾಡಬಲ್ಲರು ಅನ್ನೋದು) ಬರೆಯಬೇಕಲ್ಲ, ಅಲ್ಲಿ ‘ಅರ್ಥ ಮಾಡಿಕೊಳ್ಳುವುದು’ ಅಂತ ಬಿಟ್ಟುಬಿಡಬೇಡಿ. ಸ್ಟ್ರಕ್ಚರಲ್ ಡೈನಾಮಿಕ್ಸ್‌ಗೆ ಹೀಗೆ ಬರೆಯಬಹುದು: ಮೂರು ಮಹಡಿಯ ಫ್ರೇಮ್‌ನ ಸ್ವಾಭಾವಿಕ ಫ್ರೀಕ್ವೆನ್ಸಿಗಳನ್ನು ಕೈಯಲ್ಲೇ ಲೆಕ್ಕ ಹಾಕಿ, ಸಾಫ್ಟ್‌ವೇರ್ ಉತ್ತರದ ಜೊತೆ ಹೋಲಿಸಿ, ವ್ಯತ್ಯಾಸ ಯಾಕೆ ಬಂತು ಅಂತ ಹೇಳಬಲ್ಲರು. ಎನ್‌ಬಿಎ (ತಾಂತ್ರಿಕ ಕೋರ್ಸ್‌ಗಳಿಗೆ ಮಾನ್ಯತೆ ಕೊಡುವ ಸಂಸ್ಥೆ) ಸ್ನಾತಕೋತ್ತರಕ್ಕೆ ಕೇಳುವುದು ಮೂರೇ ಪ್ರೋಗ್ರಾಂ ಔಟ್‌ಕಮ್: ಸ್ವತಂತ್ರವಾಗಿ ಸಂಶೋಧನೆ, ಗಟ್ಟಿಯಾದ ತಾಂತ್ರಿಕ ವರದಿ ಬರೆದು ಮಂಡಿಸುವುದು, ತಮ್ಮ ವಿಷಯದ ಮೇಲೆ ಬಿ.ಇ. ಪದವಿಗಿಂತ ಮೇಲಿನ ಮಟ್ಟದ ಹಿಡಿತ. ಮೊದಲ ಎರಡೂ ಪ್ರಾಜೆಕ್ಟಿನಲ್ಲೇ ಹೆಚ್ಚು ಕಾಣಿಸುತ್ತವೆ.

ಕರಡು ತಯಾರಾದ ಮೇಲೆ ಅದು ಬೋರ್ಡ್ ಆಫ್ ಸ್ಟಡೀಸ್‌ಗೆ, ಅಲ್ಲಿಂದ ಅಕಾಡೆಮಿಕ್ ಕೌನ್ಸಿಲ್‌ಗೆ ಹೋಗುತ್ತದೆ. ಬೋರ್ಡ್‌ನಲ್ಲಿ ಹೊರಗಿನ ತಜ್ಞರು, ಉದ್ಯಮದ ಪ್ರತಿನಿಧಿ, ಹಳೆ ವಿದ್ಯಾರ್ಥಿ ಇರಲೇಬೇಕು. ಅವರಿಗೆ ಕರಡನ್ನು ಸಭೆಯ ದಿನ ಕೊಡಬೇಡಿ. ಎರಡು ವಾರ ಮೊದಲೇ ಕಳಿಸಿ, ಫೋನ್ ಮಾಡಿ ಮಾತಾಡಿ.

ಅದಕ್ಕೂ ಮುಂಚೆ ಒಂದು ಪ್ರತಿಯನ್ನು ನಿಮ್ಮ ಲ್ಯಾಬ್ ಇನ್‌ಸ್ಟ್ರಕ್ಟರ್ ಕೈಗೆ ಕೊಡಿ. ಎಷ್ಟು ಅಚ್ಚುಗಳು ಸರಿಯಾಗಿವೆ, ಕ್ಯೂರಿಂಗ್ ತೊಟ್ಟಿಯಲ್ಲಿ ಎಷ್ಟು ಬ್ಯಾಚ್‌ಗೆ ಜಾಗ ಇದೆ, ಬಿ.ಇ. ಮಕ್ಕಳ ಲ್ಯಾಬ್ ಯಾವ ದಿನ ಅನ್ನೋದೆಲ್ಲ ಅವರಿಗೇ ಗೊತ್ತು. ಅವರು ಆಗಲ್ಲ ಸರ್ ಅಂದ ಪ್ರಯೋಗವನ್ನು ಸಿಲಬಸ್‌ಗೆ ಹಾಕಬೇಡಿ, ಇಲ್ಲವೇ ಬೇಕಾದ ಯಂತ್ರದ ಇಂಡೆಂಟ್ (ಖರೀದಿಗೆ ಬೇಡಿಕೆ ಪತ್ರ) ಅವತ್ತೇ ಬರೆಯಿರಿ.